ಕೆಲಸ ಬೇಗ ಮುಗಿದರೆ ಆ್ಯಪ್‌ಗೆ ನಷ್ಟವಾ?

68 ವರ್ಷದ ಒಬ್ಬ ತಾಯಿ ನಮ್ಮೆದುರು ಕೂತಿದ್ದರು. ಕೈಯಲ್ಲಿ ಅವರದೇ ಫೋನು. ಡಾಕ್ಟರನ್ನು ಕಾಣಲು ಸಮಯ ಗೊತ್ತು ಮಾಡಿಕೊಳ್ಳುವ ಆ್ಯಪ್ ಒಂದನ್ನು ನಮ್ಮ ತಂಡ ಮಾಡುತ್ತಿತ್ತು. ಅದನ್ನು ಅವರಿಗೆ ತೆರೆದುಕೊಟ್ಟು, "ನಾಳೆ ಬೆಳಿಗ್ಗೆಗೆ ಒಂದು ಅಪಾಯಿಂಟ್‌ಮೆಂಟ್ ಮಾಡ್ಕೊಳ್ಳಿ ಅಮ್ಮ" ಎಂದು ಹೇಳಿ ಪಕ್ಕದಲ್ಲಿ ಸುಮ್ನೆ ಕೂತೆವು. ದಿನ ಆರಿಸಿದರು. ಹೊತ್ತು ಆರಿಸಿದರು. ಒಂದೊಂದೇ ಅಕ್ಷರ ಹುಡುಕಿ ಹೆಸರು ಟೈಪ್ ಮಾಡಿದರು. ಆಮೇಲೆ ಅವರ ಬೆರಳು ನಿಂತುಬಿಟ್ಟಿತು.

"ಏನಪ್ಪಾ, ಇಷ್ಟೇನಾ? ಮುಗೀತಾ?"

ಮುಗಿದಿರಲಿಲ್ಲ. 'ಮುಂದುವರಿಸಿ' ಎಂಬ ಬಟನ್ ಇನ್ನೂ ಒತ್ತಬೇಕಿತ್ತು. ಆದರೆ ಅದು ಕೀಬೋರ್ಡ್‌ನ ಹಿಂದೆ ಅಡಗಿ ಕೂತಿತ್ತು. ಆಫೀಸಿನಲ್ಲಿ ನಾವು ಆ ಸ್ಕ್ರೀನನ್ನು ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ನೂರಾರು ಸಲ ನೋಡಿದ್ದೆವು. ಅಲ್ಲಿ ಕೀಬೋರ್ಡ್ ತೆರೆದುಕೊಳ್ಳುವುದೇ ಇಲ್ಲ. ದೊಡ್ಡ ಮಾನಿಟರ್ ಮೇಲೆ ಎಲ್ಲವೂ ಚಂದವಾಗಿ, ಜಾಗ ಬಿಟ್ಟುಕೊಂಡು ಕಾಣುತ್ತಿತ್ತು. ಅರ್ಧ ಸ್ಕ್ರೀನನ್ನು ಕೀಬೋರ್ಡೇ ನುಂಗಿಹಾಕುತ್ತದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆ ತಾಯಿ ಸ್ವಲ್ಪ ಹೊತ್ತು ನೋಡಿ, "ನಂಗೆ ಇದೆಲ್ಲ ಬರಲ್ಲಪ್ಪ, ನಂದೇ ಏನೋ ತಪ್ಪಾಗಿದೆ" ಎಂದು ಫೋನನ್ನು ಮೇಜಿನ ಮೇಲಿಟ್ಟರು. "ನಿಮ್ಮ ತಪ್ಪೇನೂ ಇಲ್ಲ ಅಮ್ಮ, ತಪ್ಪು ನಮ್ಮದು" ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಆ ಬಟನ್ ಸರಿ ಮಾಡಲು ಒಂದು ದಿನವೂ ಬೇಕಾಗಲಿಲ್ಲ. ಕೀಬೋರ್ಡ್ ಎದ್ದಾಗ ಅದರ ತಲೆಯ ಮೇಲೆಯೇ ಬಟನ್ ಕೂರುವಂತೆ ಮಾಡಿದೆವು. ಹೊಸ ಅಪ್‌ಡೇಟ್ ಹೋಯಿತು, ಜನ ಬೇಗ ಬೇಗ ಕೆಲಸ ಮುಗಿಸತೊಡಗಿದರು. ಮುಂದಿನ ಮೀಟಿಂಗ್‌ನಲ್ಲಿ ಬಳಕೆಯ ಅಂಕಿಗಳನ್ನು ತೋರಿಸುವ, ಗೋಡೆಯ ಮೇಲಿನ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಕೆಂಪು ಬಾಣ ಕೆಳಮುಖವಾಗಿತ್ತು. ಜನ ಆ್ಯಪ್‌ನಲ್ಲಿ ಕಳೆಯುವ ಸರಾಸರಿ ಹೊತ್ತು ಇಳಿದಿತ್ತು. "ಎಂಗೇಜ್‌ಮೆಂಟ್ ಯಾಕೆ ಬಿದ್ದಿದೆ?" ಎಂದು ಒಬ್ಬರು ಕೇಳಿದರು.

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಮೊಬೈಲ್ ಆ್ಯಪ್ ಎಂದರೆ 'ಎಂಗೇಜಿಂಗ್' ಆಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಒಂದೇ ಪದದೊಳಗೆ ಎರಡು ಬೇರೆ ಬೇರೆ ಆಸೆಗಳಿವೆ. ಬಳಸುವವರು ಖುಷಿಯಿಂದ ಮತ್ತೆ ಬರಲಿ ಎಂಬುದು ಒಂದು. ಬಂದವರು ಎದ್ದು ಹೋಗದೇ ಇರಲಿ ಎಂಬುದು ಇನ್ನೊಂದು. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಮಾತೇ ಇದೆ: ಸೆಳೆಯುವುದು, ಹಿಡಿದಿಡುವುದು. ಡಿಸೈನ್ ಮಾಡುವಾಗ ಈ ಎರಡನ್ನೂ ಒಂದೇ ಎಂದುಕೊಂಡರೆ ಎಷ್ಟೋ ಕಡೆ ಲೆಕ್ಕ ತಪ್ಪುತ್ತದೆ.

ಮೊದಲು ಯುಐ, ಯುಎಕ್ಸ್ ಎಂಬ ಎರಡು ಮಾತು. ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಬಟನ್, ಬಣ್ಣ, ಅಕ್ಷರ, ಐಕಾನ್ ಇವೆಲ್ಲ ಸೇರಿ ಯುಐ, ಅಂದರೆ ಯೂಸರ್ ಇಂಟರ್‌ಫೇಸ್. ಅದನ್ನು ಬಳಸಿದವರಿಗೆ ಮೊದಲಿನಿಂದ ಕೊನೆಯವರೆಗೆ ಆಗುವ ಅನುಭವ ಯುಎಕ್ಸ್, ಅಂದರೆ ಯೂಸರ್ ಎಕ್ಸ್‌ಪೀರಿಯೆನ್ಸ್. ಆ ತಾಯಿ ಒತ್ತಬೇಕಿದ್ದ ಬಟನ್ನಿನ ಬಣ್ಣ ಚೆನ್ನಾಗಿತ್ತು, ಅಕ್ಷರ ಚೆನ್ನಾಗಿತ್ತು. ಕಾಣಲಿಲ್ಲ, ಅಷ್ಟೇ.

ಈಗ ಬೆರಳಿನ ವಿಷಯಕ್ಕೆ ಬರೋಣ. ಫೋನಿನ ಮೇಲೆ ಜಾಸ್ತಿ ಕೆಲಸ ಮಾಡುವುದು ಹೆಬ್ಬೆರಳು. ಸ್ಟೀವನ್ ಹೂಬರ್ ಎಂಬ ಡಿಸೈನರ್ 2013ರಲ್ಲಿ ಒಂದು ಕೆಲಸ ಮಾಡಿದರು. ರಸ್ತೆ, ಬಸ್ಸು, ವಿಮಾನ ನಿಲ್ದಾಣಗಳಂಥ ಕಡೆ ಜನ ಫೋನನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡಿ ಬರೆದಿಟ್ಟರು. ಹೀಗೆ 1,333 ಸಲ ನೋಡಿದರು. ಸ್ಕ್ರೀನ್ ಮುಟ್ಟುತ್ತಿದ್ದವರಲ್ಲಿ 49% ಜನ ಒಂದೇ ಕೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಇನ್ನೊಂದು ಕೈಯಲ್ಲಿ ಏನಾದರೂ ಇರುತ್ತದೆ ಅಲ್ವಾ? ಚೀಲ, ಮಗುವಿನ ಕೈ, ಬಸ್ಸಿನ ಕಂಬಿ.

2007ರಲ್ಲಿ ಮೊದಲ ಐಫೋನ್ ಬಂದಾಗ ಸ್ಕ್ರೀನ್ 3.5 ಇಂಚು ಇತ್ತು. ಹೆಬ್ಬೆರಳು ನಾಲ್ಕು ಮೂಲೆಗೂ ಹೆಚ್ಚುಕಡಿಮೆ ಎಟುಕುತ್ತಿತ್ತು. ಹಿಂದೆ ಹೋಗುವ ಬಟನ್ ಎಡಗಡೆ ಮೇಲಿನ ಮೂಲೆಯಲ್ಲಿ ಕೂತದ್ದು ಆ ಕಾಲದಲ್ಲೇ. ಇವತ್ತು ಸ್ಕ್ರೀನ್ 6 ಇಂಚು ದಾಟಿದೆ. ನಮ್ಮ ಹೆಬ್ಬೆರಳು ಮಾತ್ರ ಬೆಳೆದಿಲ್ಲ. ಆದರೂ ಎಷ್ಟೋ ಆ್ಯಪ್‌ಗಳಲ್ಲಿ ಮುಖ್ಯವಾದ ಬಟನ್ ಇನ್ನೂ ಆ ಮೇಲಿನ ಮೂಲೆಯಲ್ಲೇ ಇದೆ. ಅದನ್ನು ಒತ್ತಲು ಫೋನನ್ನು ಅಂಗೈಯಲ್ಲಿ ಜಾರಿಸಿ, ಕಿರುಬೆರಳಿನ ಮೇಲೆ ನಿಲ್ಲಿಸಿಕೊಂಡು ಹೆಬ್ಬೆರಳನ್ನು ಚಾಚುತ್ತೇವೆ. ಹೀಗೆ ಚಾಚುವಾಗ ಫೋನ್ ಕೈಜಾರಿ ಬೀಳಬಹುದು. ಆ್ಯಪಲ್ 2021ರಲ್ಲಿ ಐಫೋನಿನ ತಂತ್ರಾಂಶದ ಹೊಸ ಆವೃತ್ತಿ ಐಓಎಸ್ 15 ತಂದಾಗ ತನ್ನ ಬ್ರೌಸರ್ ಸಫಾರಿಯ ವಿಳಾಸದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಇಳಿಸಿತು. ಮೊದಲು ಜನ ಗೊಣಗಿದರು, ಹಳೆಯ ಜಾಗಕ್ಕೇ ವಾಪಸ್ ಇಟ್ಟುಕೊಳ್ಳುವ ಆಯ್ಕೆಯನ್ನೂ ಕೊಡಬೇಕಾಯಿತು. ಹೆಬ್ಬೆರಳಿನ ಲೆಕ್ಕದಲ್ಲಿ ನೋಡಿದರೆ ಅದು ಸರಿಯಾದ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಈ ಲೆಕ್ಕ ಇಂದು ನಿನ್ನೆಯದಲ್ಲ. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಇದನ್ನು ಸೂತ್ರವಾಗಿ ಬರೆದಿಟ್ಟಿದ್ದರು. ಗುರಿ ದೂರ ಇದ್ದಷ್ಟೂ, ಚಿಕ್ಕದಿದ್ದಷ್ಟೂ ಅದನ್ನು ಮುಟ್ಟಲು ಹೊತ್ತು ಜಾಸ್ತಿ ಬೇಕು. ಕೇಳಿದರೆ ಇದೇನು ಹೊಸದು ಅನಿಸಬಹುದು. ಆದರೆ ಬೆರಳಿಗೆ ತಾಗದ ಒಂದು ಪುಟ್ಟ 'x' ಗುರುತನ್ನು ಒತ್ತಲು ಹೋಗಿ ಜಾಹೀರಾತನ್ನು ಒತ್ತಿದವರಿಗೆ ಈ ಸೂತ್ರ ಚೆನ್ನಾಗಿ ಗೊತ್ತು. ಬಟನ್ ಕನಿಷ್ಠ 44 ಪಾಯಿಂಟ್ ಅಗಲ, 44 ಪಾಯಿಂಟ್ ಎತ್ತರ ಇರಲಿ ಎಂದು ಆ್ಯಪಲ್ ಹೇಳುತ್ತದೆ. ಪಾಯಿಂಟ್, ಡಿಪಿ ಎಂದರೆ ಸ್ಕ್ರೀನ್ ಮೇಲೆ ಗಾತ್ರ ಅಳೆಯುವ ಮಾನಗಳು. ಆಂಡ್ರಾಯ್ಡ್‌ಗೆ ಗೂಗಲ್ ಹೇಳುವ ಅಳತೆ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್. ಎಲ್ಲರಿಗೂ ಬಳಸಲು ಆಗುವಂತೆ ಮಾಡಲು ಇರುವ ಡಬ್ಲ್ಯೂಸಿಎಜಿ ಎಂಬ ಮಾರ್ಗಸೂಚಿಯ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ಒತ್ತುವ ಜಾಗ 24 ಪಿಕ್ಸೆಲ್‌ಗಿಂತ ಚಿಕ್ಕದಿರಬಾರದು ಎಂದು ಅದು ಹೇಳುತ್ತದೆ, ಕೆಲವು ವಿನಾಯಿತಿಗಳೂ ಇವೆ. ಇಲ್ಲಿ ಒಂದು ಮಾತು. ಐಕಾನ್ ಚಿಕ್ಕದಾಗಿ ಕಂಡರೂ ಪರವಾಗಿಲ್ಲ, ಅದರ ಸುತ್ತ ಒತ್ತಿದರೂ ಕೆಲಸ ಮಾಡುವ ಜಾಗ ದೊಡ್ಡದಿರಬೇಕು. ಇದು ಗೊತ್ತಿಲ್ಲದೆ "ಬಟನ್ ದಪ್ಪ ಆದರೆ ಡಿಸೈನ್ ಕೆಡುತ್ತೆ" ಎಂದು ವಾದ ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬೆರಳಾದ ಮೇಲೆ ಕಾಯುವ ಮಾತು. ಇದನ್ನು ಬಿಡಿಸಿಯೇ ಹೇಳಬೇಕು. ಹೊಸಬರು ಎಡವುವುದು ಇಲ್ಲೇ ಜಾಸ್ತಿ.

ಬಳಸಲು ಸುಲಭವಾಗುವ ಡಿಸೈನ್ ಬಗ್ಗೆ ಕೆಲಸ ಮಾಡಿದ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಮೂರು ಮಿತಿಗಳನ್ನು ಹೇಳಿದರು. 1968ರಲ್ಲಿ ರಾಬರ್ಟ್ ಮಿಲ್ಲರ್ ಮಾಡಿದ್ದ ಕೆಲಸ ಇದಕ್ಕೆ ತಳಪಾಯ. ಒತ್ತಿದ 0.1 ಸೆಕೆಂಡಿನಲ್ಲಿ ಏನಾದರೂ ಆದರೆ ನಮಗೆ ಅದು ಆ ಕ್ಷಣವೇ ಆಯಿತು ಅನಿಸುತ್ತದೆ. 1 ಸೆಕೆಂಡಿನವರೆಗೆ ತಡವಾಗಿದ್ದು ಗೊತ್ತಾಗುತ್ತದೆ, ಆದರೆ ಯೋಚನೆಯ ಎಳೆ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆಲ್ಲೋ ಹೋಗಿಬಿಡುತ್ತದೆ. ಕಂಪ್ಯೂಟರ್‌ಗಳು ಸಾವಿರ ಪಟ್ಟು ವೇಗವಾದರೂ ಈ ಮೂರು ಅಂಕಿ ಬದಲಾಗಿಲ್ಲ. ಅವು ಮನುಷ್ಯನ ಮನಸ್ಸಿನ ಮಿತಿಗಳು ತಾನೇ?

ನೆಟ್‌ವರ್ಕ್ ನಿಧಾನ ಇದ್ದರೆ ಡಿಸೈನರ್ ಏನು ಮಾಡೋಕಾಗುತ್ತೆ ಎಂದು ಕೇಳಬಹುದು. ಬಹಳ ಮಾಡಬಹುದು. ಬೆರಳು ತಾಗಿದ ಕೂಡಲೇ ಬಟನ್ ಬಣ್ಣ ಬದಲಿಸಿದರೆ ಸಾಕು, "ಗೊತ್ತಾಯ್ತು, ನೋಡ್ತಿದ್ದೇನೆ" ಎಂದು ಆ್ಯಪ್ ಹೇಳಿದಂತಾಗುತ್ತದೆ. ಅದು ಆಗದಿದ್ದರೆ ಜನ ಮತ್ತೆ ಒತ್ತುತ್ತಾರೆ, ಇನ್ನೂ ಜೋರಾಗಿ ಒತ್ತುತ್ತಾರೆ. ಒಂದೇ ಅರ್ಜಿ ಎರಡು ಸಲ ಹೋಗುವುದು ಹೀಗೆಯೇ. ಬರಿದಾದ ಬಿಳಿ ಸ್ಕ್ರೀನಿನ ಮೇಲೆ ಸುತ್ತುವ ಚಕ್ರ ತೋರಿಸುವ ಬದಲು, ಬರಲಿರುವ ವಿಷಯದ ಆಕಾರವನ್ನು ಬೂದು ಬಣ್ಣದಲ್ಲಿ ಮೊದಲೇ ತೋರಿಸಬಹುದು. ಚಿತ್ರ ಬರುವಲ್ಲಿ ಬೂದು ಚೌಕ, ಸಾಲು ಬರುವಲ್ಲಿ ಬೂದು ಪಟ್ಟಿ. ಇದಕ್ಕೆ ಸ್ಕೆಲಿಟನ್ ಸ್ಕ್ರೀನ್ ಎನ್ನುತ್ತಾರೆ. ಇದರಿಂದ ಇನ್ನೊಂದು ಲಾಭವೂ ಇದೆ. ಜಾಗ ಮೊದಲೇ ಗೊತ್ತಾಗಿರುವುದರಿಂದ ಕೊನೆಯ ಕ್ಷಣದಲ್ಲಿ ಸ್ಕ್ರೀನ್ ಕುಣಿಯುವುದಿಲ್ಲ.

ಆ ಕುಣಿತದ ಅನುಭವ ನಿಮಗೂ ಆಗಿರುತ್ತದೆ. ಪಟ್ಟಿ ಬಂತು, ಎರಡನೇ ಸಾಲನ್ನು ಒತ್ತಲು ಹೋದಿರಿ, ಅಷ್ಟರಲ್ಲಿ ಮೇಲಿನಿಂದ ಒಂದು ಚಿತ್ರ ಲೋಡ್ ಆಗಿ ಎಲ್ಲವೂ ಕೆಳಗೆ ಸರಿಯಿತು. ಬೆರಳು ಇನ್ನೇನನ್ನೋ ಒತ್ತಿತು. ಈಗ ಬೇಡದ ಸ್ಕ್ರೀನ್ ತೆರೆದಿದೆ, ಹಿಂದೆ ಹೋದರೆ ಪಟ್ಟಿ ಮತ್ತೆ ಮೊದಲಿನಿಂದ ಲೋಡ್ ಆಗುತ್ತದೆ. ಎರಡೇ ಸೆಕೆಂಡಿನ ಘಟನೆ. ಆದರೆ ದಿನಕ್ಕೆ ಹತ್ತು ಸಲ ಹೀಗಾದರೆ ಆ ಆ್ಯಪ್ ಬಗ್ಗೆ ಹೇಳಲಾಗದ ಒಂದು ಸಿಟ್ಟು ಒಳಗೇ ಕೂಡಿಕೊಳ್ಳುತ್ತದೆ. ಯಾಕೆ ಸಿಟ್ಟು ಎಂದು ಕೇಳಿದರೆ ಜನರಿಗೆ ಹೇಳಲು ಬರುವುದಿಲ್ಲ. ಸುಮ್ನೆ ಅನ್‌ಇನ್‌ಸ್ಟಾಲ್ ಮಾಡುತ್ತಾರೆ.

ಸರ್ವರ್‌ನಿಂದ ಉತ್ತರ ಬರುವ ಮೊದಲೇ "ಆಯ್ತು" ಎಂದು ತೋರಿಸುವ ಇನ್ನೊಂದು ದಾರಿಯಿದೆ. ಒಂದು ಫೋಟೋಗೆ ಲೈಕ್ ಒತ್ತಿದರೆ ಹೃದಯ ತಕ್ಷಣ ಕೆಂಪಾಗುತ್ತದೆ, ಸುದ್ದಿ ಸರ್ವರ್‌ಗೆ ಆಮೇಲೆ ಮುಟ್ಟುತ್ತದೆ. ಲೈಕ್‌ಗೆ ಇದು ಸರಿ. ಹಣ ಕಳಿಸುವಾಗ, ಟಿಕೆಟ್ ಬುಕ್ ಮಾಡುವಾಗ ಹೀಗೆ ಮಾಡುವುದು ದೊಡ್ಡ ತಪ್ಪು. "ಹೋಯಿತು" ಎಂದು ತೋರಿಸಿ ಆಮೇಲೆ "ಹೋಗಲಿಲ್ಲ" ಎಂದರೆ ಆ ನಂಬಿಕೆ ಮತ್ತೆ ಹುಟ್ಟುವುದಿಲ್ಲ. ಇಂಥ ಕಡೆ ನಿಧಾನವಾದರೂ ಪರವಾಗಿಲ್ಲ. ಈಗ ಏನಾಗುತ್ತಿದೆ, ಮಧ್ಯದಲ್ಲಿ ನೆಟ್‌ವರ್ಕ್ ಹೋದರೆ ಏನಾಗುತ್ತದೆ, ಮತ್ತೆ ಒತ್ತಬೇಕೋ ಬೇಡವೋ ಎಂಬುದು ಸ್ಕ್ರೀನ್ ಮೇಲೆ ಇರಬೇಕು.

ಹಾಗೆ ಬರೆಯುವ ಮಾತನ್ನೂ ಡಿಸೈನ್ ಎಂದೇ ಲೆಕ್ಕ ಹಾಕಬೇಕು. "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂಬ ಸಾಲನ್ನು ಎಷ್ಟು ಆ್ಯಪ್‌ಗಳಲ್ಲಿ ಓದಿದ್ದೇವೆ! ಏನು ತಪ್ಪಾಗಿದೆ? ಯಾರದ್ದು? ಮತ್ತೆ ಪ್ರಯತ್ನಿಸಿದರೆ ಸರಿ ಹೋಗುತ್ತಾ? "ಫೋನ್ ನಂಬರ್‌ನಲ್ಲಿ ಒಂದು ಅಂಕಿ ಕಡಿಮೆ ಇದೆ" ಎಂದು ಬರೆಯಲು ಡೆವಲಪರ್‌ಗೆ ಅರ್ಧ ಗಂಟೆ ಜಾಸ್ತಿ ಹಿಡಿಯಬಹುದು. ಅದು ಬಳಸುವ ಲಕ್ಷಾಂತರ ಜನರ ಒಂದೊಂದು ನಿಮಿಷ ಉಳಿಸುತ್ತದೆ. ಇನ್ನೂ ಒಂದು ಕಾಟ ಇದೆ. ಹತ್ತು ಪ್ರಶ್ನೆಗಳ ಫಾರ್ಮ್‌ನಲ್ಲಿ ಒಂದು ತಪ್ಪಾದರೆ ಉಳಿದ ಒಂಬತ್ತನ್ನೂ ಅಳಿಸಿಹಾಕುವ ಆ್ಯಪ್‌ಗಳು ಇನ್ನೂ ಇವೆ. ಇದು ಇವತ್ತಿಗೂ ಹೇಗೆ ಉಳಿದಿದೆ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅನುಮತಿ ಕೇಳುವುದೂ ಹೀಗೇ. ಆ್ಯಪ್ ತೆರೆದ ಕೂಡಲೇ ಕ್ಯಾಮೆರಾ ಬೇಕು, ಲೊಕೇಶನ್ ಬೇಕು, ನೋಟಿಫಿಕೇಶನ್ ಕಳಿಸಲು ಒಪ್ಪಿಗೆ ಬೇಕು ಎಂದು ಸಾಲಾಗಿ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಗುರುತು ಪರಿಚಯ ಇಲ್ಲದವರು ಬಾಗಿಲಲ್ಲೇ ನಿಂತು ಬೀಗದ ಕೈ ಕೇಳಿದಂತೆ. ಫೋಟೋ ತೆಗೆಯುವ ಬಟನ್ ಒತ್ತಿದಾಗ ಕ್ಯಾಮೆರಾ ಕೇಳಿದರೆ ಯಾಕೆ ಎಂದು ಬೇರೆ ಹೇಳಲೇಬೇಕಿಲ್ಲ. ಇಲ್ಲಿ ಒಂದು ಕಟ್ಟುನಿಟ್ಟೂ ಇದೆ. ಐಫೋನ್‌ನಲ್ಲಿ ಒಂದು ಸಲ ಬೇಡ ಎಂದರೆ ಆ್ಯಪ್ ಅದೇ ಪ್ರಶ್ನೆಯನ್ನು ಮತ್ತೆ ಆ ರೀತಿ ಕೇಳುವಂತಿಲ್ಲ, ಬಳಸುವವರೇ ಸೆಟಿಂಗ್ಸ್‌ಗೆ ಹೋಗಿ ಬದಲಿಸಬೇಕು. ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ, ಅಲ್ಲೂ ನೋಟಿಫಿಕೇಶನ್‌ಗೆ ಒಪ್ಪಿಗೆ ಕೇಳಲೇಬೇಕು. ಹಾಗಾಗಿ ಹೊತ್ತಲ್ಲದ ಹೊತ್ತಲ್ಲಿ ಕೇಳಿದರೆ ಕೈಲಿದ್ದ ಅವಕಾಶವೂ ಹೋಗುತ್ತದೆ.

ಅಕ್ಷರದ ಬಗ್ಗೆ ಕನ್ನಡ ಓದುವ ನಮಗೆ ಹೇಳಿಕೊಳ್ಳುವುದು ಬಹಳ ಇದೆ. ಎಷ್ಟೋ ಆ್ಯಪ್‌ಗಳ ಸ್ಕ್ರೀನ್‌ಗಳನ್ನು ಮೊದಲು ಇಂಗ್ಲಿಷಿನಲ್ಲಿ ಬಿಡಿಸುತ್ತಾರೆ. ಬಟನ್ನಿನ ಎತ್ತರ, ಸಾಲುಗಳ ನಡುವಿನ ಅಂತರ ಎಲ್ಲ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಆಮೇಲೆ ಅದೇ ಚೌಕಟ್ಟಿನೊಳಗೆ ಕನ್ನಡ ಸುರಿಯುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ, ಮೇಲೆ ತಲೆಕಟ್ಟು, ಗುಡಿಸು ಬರುತ್ತವೆ. 'ಸಂಖ್ಯೆ' ಎಂಬ ಪದದ ಯ ಒತ್ತು, 'ರಾಷ್ಟ್ರ' ಎಂಬ ಪದದ ಎರಡೆರಡು ಒತ್ತು ಬಟನ್ನಿನ ಕೆಳಗಿನ ಅಂಚಿಗೆ ಸಿಕ್ಕಿ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಪದಗಳೂ ಉದ್ದ. ಇಂಗ್ಲಿಷಿನ ನಾಲ್ಕಕ್ಷರದ 'ಸೇವ್' ಇದ್ದ ಜಾಗದಲ್ಲಿ 'ಉಳಿಸಿಕೊಳ್ಳಿ' ಹಿಡಿಸಬೇಕು. ಹಿಡಿಸದಿದ್ದರೆ 'ಉಳಿಸಿಕೊ…' ಎಂದು ಮೂರು ಚುಕ್ಕಿ ಬೀಳುತ್ತದೆ. ಇದು ಕನ್ನಡವೊಂದರ ತೊಂದರೆಯಲ್ಲ. ಜರ್ಮನ್ ಪದಗಳು ಉದ್ದವಾಗಿ ಬಟನ್ ದಾಟಿಹೋಗುತ್ತವೆ. ಥಾಯ್ ಲಿಪಿಯಲ್ಲಿ ಅಕ್ಷರದ ಮೇಲೆ ಚಿಹ್ನೆಗಳು ಪೇರಿಕೊಳ್ಳುತ್ತವೆ. ಅರೇಬಿಕ್ ಬಲದಿಂದ ಎಡಕ್ಕೆ ಸಾಗುವುದರಿಂದ ಇಡೀ ಸ್ಕ್ರೀನನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕದೆ, ಒಳಗಿನ ಪದಕ್ಕೆ ತಕ್ಕಂತೆ ಬಟನ್ ಹಿಗ್ಗಲು ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಬಳಸುವವರು ಫೋನಿನ ಸೆಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಾಗಲೂ ಇದೇ ಉಪಾಯ ಕೈಹಿಡಿಯುತ್ತದೆ.

ಕಾಣುವಿಕೆ ಈಗ ಕಾನೂನಿನ ವಿಷಯವೂ ಆಗಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಎಂದು ಡಬ್ಲ್ಯೂಸಿಎಜಿ ಹೇಳುತ್ತದೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಅಕ್ಷರ ಸ್ಟುಡಿಯೋದೊಳಗೆ ನಾಜೂಕಾಗಿ ಕಾಣುತ್ತದೆ, ಬಿಸಿಲಿಗೆ ಹೋದರೆ ಮಾಯವಾಗುತ್ತದೆ. ಯುರೋಪಿನ ಆ್ಯಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಅಲ್ಲಿ ಬ್ಯಾಂಕಿಂಗ್, ಆನ್‌ಲೈನ್ ಖರೀದಿಯಂಥ ಸೇವೆ ಕೊಡುವವರು ಕಣ್ಣು ಮಂಜಾದವರಿಗೂ, ಸ್ಕ್ರೀನ್ ಮೇಲಿನದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಆ್ಯಪ್ ಒದಗುವಂತೆ ನೋಡಿಕೊಳ್ಳಬೇಕು. ಅದೇ 2025ರಲ್ಲಿ ಆ್ಯಪಲ್ ಐಓಎಸ್ 26 ತಂದಿತು. ಗಾಜಿನಂತೆ ಹಿಂದಿನದ್ದೆಲ್ಲ ಕಾಣುವ 'ಲಿಕ್ವಿಡ್ ಗ್ಲಾಸ್' ಎಂಬ ಹೊಸ ರೂಪ ಅದರಲ್ಲಿತ್ತು. ನೋಡಲು ಬಹಳ ಚಂದ. ಆದರೆ ಅಕ್ಷರ ಓದಲು ಆಗುತ್ತಿಲ್ಲ ಎಂದು ಬಹಳ ಜನ ದೂರಿದರು. ಐಓಎಸ್ 26.1ರಲ್ಲಿ ಆ ಗಾಜನ್ನು ಸ್ವಲ್ಪ ಮಬ್ಬು ಮಾಡಿಕೊಳ್ಳುವ ಆಯ್ಕೆ ಕೊಟ್ಟರು. ಅಷ್ಟು ದೊಡ್ಡ ತಂಡಕ್ಕೂ ಚಂದ ಮತ್ತು ಓದಲು ಸುಲಭ ಎಂಬುವುಗಳ ನಡುವೆ ಎಳೆದಾಟ ತಪ್ಪಲಿಲ್ಲ. ನನಗೆ ಆಯ್ಕೆ ಕೊಟ್ಟರೆ ಓದಲು ಸುಲಭ ಇರುವುದನ್ನೇ ಆರಿಸುತ್ತೇನೆ.

ಇಷ್ಟೆಲ್ಲ ಜನರನ್ನು ಸೆಳೆಯುವ ಕೆಲಸ. ಇನ್ನು ಹಿಡಿದಿಡುವುದಕ್ಕೆ ಬರೋಣ.

ಮೊದಲೆಲ್ಲ ವೆಬ್‌ನಲ್ಲಿ ಪುಟದ ಕೊನೆಗೆ ಬಂದಾಗ 'ಮುಂದಿನ ಪುಟ' ಎಂದು ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಡಿಸೈನರ್ ಆ ಒತ್ತುವ ಕೆಲಸವನ್ನು ತೆಗೆದುಹಾಕಿದರು. ಕೆಳಗೆ ಹೋದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಅವರ ಉದ್ದೇಶ ಒಳ್ಳೆಯದೇ ಆಗಿತ್ತು, ಒಂದು ಅಡ್ಡಿ ಕಡಿಮೆಯಾಗಲಿ ಎಂದು. ಆದರೆ ಆ ಅಡ್ಡಿ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಪುಟ ಮುಗಿದಾಗ ಒಂದು ಕ್ಷಣ ತಲೆಯೆತ್ತುತ್ತಿದ್ದೆವು. ಸಾಕಾ, ಇನ್ನೂ ಬೇಕಾ ಎಂದು ನಮಗೆ ನಾವೇ ಕೇಳಿಕೊಳ್ಳಲು ಜಾಗ ಇತ್ತು. ಆ ಜಾಗ ಹೋಯಿತು. ತಾನು ಮಾಡಿದ್ದು ಹೀಗೆ ಬಳಕೆಯಾಗಿದ್ದಕ್ಕೆ ಬೇಸರವಿದೆ ಎಂದು ರಾಸ್ಕಿನ್ ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ.

ಬೆರಳಿಂದ ಕೆಳಗೆಳೆದು ಬಿಟ್ಟರೆ ಹೊಸದು ಬರುವ ವಿಧಾನ ಲೊರೆನ್ ಬ್ರಿಕ್ಟರ್ ಅವರ 'ಟ್ವೀಟಿ' ಎಂಬ ಆ್ಯಪ್‌ನಿಂದ ಎಲ್ಲ ಕಡೆ ಹರಡಿತು. ಎಳೆದರೆ ಏನಾದರೂ ಬರಬಹುದು, ಬಾರದೆಯೂ ಇರಬಹುದು. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿಗಳು ಮತ್ತೆ ಮತ್ತೆ ಗುಂಡಿ ಒತ್ತುತ್ತವೆ ಎಂದು ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದರು. ಪ್ರತಿ ಸಲವೂ ಖಚಿತವಾಗಿ ಬಹುಮಾನ ಬರುತ್ತಿದ್ದರೆ, ಅದು ನಿಂತ ಮೇಲೆ ಒತ್ತುವುದನ್ನೂ ಬೇಗ ಬಿಡುತ್ತವೆ. ಕೆಂಪು ಚುಕ್ಕಿ, ಒಂದಾದ ಮೇಲೊಂದು ತಾನಾಗಿ ಓಡುವ ವಿಡಿಯೋ, ನಿನ್ನೆಯವರೆಗೆ ದಿನವೂ ತಪ್ಪದೆ ಬಳಸಿದ ಸರಪಳಿ ಇವತ್ತು ಕಡಿಯುತ್ತದೆ ಎಂದು ಹೆದರಿಸುವ ನೋಟಿಫಿಕೇಶನ್, ಎಲ್ಲವೂ ಹಿಡಿದಿಡುವ ಉಪಾಯಗಳೇ. ಭಾಷೆ ಕಲಿಯುವವರಿಗೆ, ವ್ಯಾಯಾಮ ಮಾಡುವವರಿಗೆ ಈ ಸರಪಳಿ ನೆರವಾಗಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಾಯಿಲೆ ಬಿದ್ದ ದಿನವೂ ಅದನ್ನು ಕಡಿದು ಹಾಕಿದರೆ ಕಲಿಯುವವರ ಉಮೇದೇ ಹೋಗುತ್ತದೆ. ಒಂದು ದಿನ ರಜೆ ಹಾಕಲು ಬಿಡುವ ಆ್ಯಪ್ ಮನುಷ್ಯರ ಬದುಕು ಹೇಗಿರುತ್ತದೆ ಎಂದು ಅರಿತದ್ದು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೆ ನೇರ ಮೋಸ. ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲಿ ಇದಕ್ಕೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಸೇರಲು ಒಂದು ಟ್ಯಾಪ್, ಬಿಡಲು ಎಂಟು ಸ್ಕ್ರೀನ್. 'ಹೌದು' ದೊಡ್ಡ ಹಸಿರು ಬಟನ್, 'ಬೇಡ' ಕಂಡೂ ಕಾಣದ ಬೂದು ಅಕ್ಷರ. "ಬೇಡ, ನನಗೆ ಹಣ ಉಳಿಸುವ ಆಸೆಯಿಲ್ಲ" ಎಂದು ನಮ್ಮ ಬಾಯಿಂದಲೇ ಹೇಳಿಸುವ ಬಟನ್. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಗೇಮ್ಸ್ ಕಂಪನಿ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಬಟನ್‌ಗಳ ಬಗ್ಗೆಯೇ ಇತ್ತು. ಬಟನ್‌ಗಳ ಜೋಡಣೆ ಎಷ್ಟು ಗೊಂದಲವಾಗಿತ್ತೆಂದರೆ, ನಿದ್ದೆಗೆ ಜಾರಿದ ಆಟವನ್ನು ಎಬ್ಬಿಸಲು ಒತ್ತಿದರೂ, ಒಂದು ವಸ್ತು ಹೇಗಿದೆ ಎಂದು ನೋಡಲು ಹೋಗಿ ಪಕ್ಕದ ಬಟನ್ ಒತ್ತಿದರೂ ಖರೀದಿಯೇ ಆಗಿಬಿಡುತ್ತಿತ್ತು ಎಂದು ಕಮಿಷನ್ ಹೇಳಿತು. ಆಟಗಾರರಿಗೆ ವಾಪಸ್ ಕೊಡಲು ಕಂಪನಿ 24.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಯುರೋಪಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟ್‌ನ 25ನೇ ವಿಧಿ ಆನ್‌ಲೈನ್ ಪ್ಲಾಟ್‌ಫಾರಂಗಳು ಇಂಥ ಮೋಸದ ಡಿಸೈನ್ ಮಾಡುವುದನ್ನು ನಿಷೇಧಿಸುತ್ತದೆ. ಭಾರತದಲ್ಲಿ 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿದೆ. ಡಿಸೈನರ್ ಬಿಡಿಸುವ ಒಂದು ಬಟನ್ ಇವತ್ತು ವಕೀಲರು ಪಟ್ಟಿ ಹಿಡಿದು ನೋಡುವ ವಸ್ತುವಾಗಿದೆ.

ಇವೆಲ್ಲ ಯಾರೋ ಕೆಟ್ಟವರು ಕೂತು ಮಾಡಿದ್ದು ಎಂದುಕೊಂಡರೆ ಸುಲಭ. ನನ್ನ ಅನುಭವದಲ್ಲಿ ಹಾಗಿಲ್ಲ. ಮೀಟಿಂಗ್‌ನಲ್ಲಿ ಕೆಂಪು ಬಾಣ ಕಂಡು ಪ್ರಶ್ನೆ ಕೇಳಿದವರು ಒಳ್ಳೆಯವರೇ. ಅವರ ಮುಂದೆ ಇದ್ದ ಅಂಕಿ ತಪ್ಪಾದದ್ದು. ಆ್ಯಪ್‌ನಲ್ಲಿ ಕಳೆದ ಹೊತ್ತನ್ನೇ ಅಳೆದರೆ, ಆ ಹೊತ್ತು ಹೆಚ್ಚಿಸುವುದೇ ಎಲ್ಲರ ಕೆಲಸವಾಗುತ್ತದೆ. ಕೀಬೋರ್ಡ್ ಹಿಂದೆ ಬಟನ್ ಹುಡುಕುತ್ತಾ ಕೂತ ಆ ತಾಯಿಯ ನಾಲ್ಕು ನಿಮಿಷ ಆ ಲೆಕ್ಕದಲ್ಲಿ ಒಳ್ಳೆಯ ಅಂಕಿ. ತಬ್ಬಿಬ್ಬಾಗಿ ಕೂತವರೂ ಖುಷಿಯಿಂದ ಕೂತವರೂ ಅಲ್ಲಿ ಒಂದೇ ಥರ ಕಾಣುತ್ತಾರೆ.

ಹಾಗಾದರೆ ಏನನ್ನು ಅಳೆಯಬೇಕು? ಅದು ಆ್ಯಪ್‌ನ ಕೆಲಸದ ಮೇಲೆ ನಿಂತಿದೆ. ಸಿನಿಮಾ ನೋಡುವ ಆ್ಯಪ್‌ನಲ್ಲಿ ಹೊತ್ತು ಕಳೆಯಲೆಂದೇ ಬರುತ್ತಾರೆ. ಬಿಲ್ ಕಟ್ಟುವ, ಬಸ್ ಯಾವಾಗ ಎಂದು ನೋಡುವ ಆ್ಯಪ್‌ಗೆ ಬಂದವರು ಆದಷ್ಟು ಬೇಗ ಹೋಗಬೇಕು. ಗೂಗಲ್‌ನ ಸಂಶೋಧಕರು 2010ರಲ್ಲಿ 'ಹಾರ್ಟ್' ಎಂಬ ಚೌಕಟ್ಟು ಕೊಟ್ಟರು. ಅದರಲ್ಲಿ ಎಂಗೇಜ್‌ಮೆಂಟ್ ಐದರಲ್ಲಿ ಒಂದು ಮಾತ್ರ. ಉಳಿದವು ಬಳಸುವವರ ಸಂತೋಷ, ಹೊಸಬರು ಬರುವುದು, ಬಂದವರು ಮತ್ತೆ ಬರುವುದು, ಹಿಡಿದ ಕೆಲಸ ಮುಗಿಯುವುದು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ನೂರು ಜನ ಶುರು ಮಾಡಿದರೆ ಎಷ್ಟು ಜನ ಮುಗಿಸಿದರು, ಮುಗಿಸದವರು ಯಾವ ಸ್ಕ್ರೀನಿನಲ್ಲಿ ನಿಂತರು? ಹಾಗೆ ನೋಡಿದರೆ ಕೂರಿಸಿಕೊಳ್ಳುವ ಆ್ಯಪ್‌ಗಳೂ ಒಂದು ಕೊನೆ ತೋರಿಸಬಹುದು. ಇನ್‌ಸ್ಟಾಗ್ರಾಂ 2018ರಲ್ಲಿ, ಹೊಸದೆಲ್ಲ ನೋಡಿ ಮುಗಿಯಿತು ಎಂದು ಹೇಳುವ ಒಂದು ಗುರುತನ್ನು ಫೀಡ್‌ನಲ್ಲಿ ಇಟ್ಟಿತು. ಸಣ್ಣ ಹೆಜ್ಜೆ, ಆದರೂ ಪುಟ ಮುಗಿದಾಗ ತಲೆಯೆತ್ತುವ ಆ ಹಳೆಯ ಜಾಗ ಅಷ್ಟರಮಟ್ಟಿಗೆ ವಾಪಸ್ ಬಂದಂತೆ.

ಅಂಕಿಗಳಿಗೆ ಯಾಕೆ ಎಂಬುದು ಗೊತ್ತಿರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಕೂತು ನೋಡಲೇಬೇಕು. ಒಂದೇ ಬಗೆಯ ಬಳಕೆದಾರರಾದರೆ ಐದು ಜನರನ್ನು ನೋಡಿದರೂ ತೊಂದರೆಗಳಲ್ಲಿ ಹೆಚ್ಚಿನವು ಹೊರಬರುತ್ತವೆ ಎಂದು ನೀಲ್ಸನ್ 2000ರಲ್ಲಿ ಬರೆದಿದ್ದರು. ಐದು ಎಂಬ ಅಂಕಿಯ ಬಗ್ಗೆ ವಾದಗಳಿವೆ. ಆದರೆ ಸೊನ್ನೆಗಿಂತ ಐದು ಬಹಳ ದೊಡ್ಡದು ಎಂಬುದರಲ್ಲಿ ಯಾವ ವಾದವೂ ಇಲ್ಲ. ಈಗ ಎಐ ಉಪಕರಣಗಳಿಗೆ ನಾಲ್ಕು ಸಾಲು ಬರೆದುಕೊಟ್ಟರೆ ನಿಮಿಷಗಳಲ್ಲಿ ಇಡೀ ಸ್ಕ್ರೀನ್ ಬಿಡಿಸಿಕೊಡುತ್ತವೆ. ನಾನೂ ಬಳಸುತ್ತೇನೆ. ಬಿಡಿಸುವ ಕೆಲಸ ಅಗ್ಗವಾದಷ್ಟೂ ಕೂತು ನೋಡುವ ಕೆಲಸಕ್ಕೆ ಹೊತ್ತು ಸಿಗಬೇಕಿತ್ತು. ಬಹಳ ಕಡೆ ಆಗುತ್ತಿರುವುದು ಬೇರೆ. ಉಳಿದ ಹೊತ್ತಲ್ಲಿ ಇನ್ನಷ್ಟು ಸ್ಕ್ರೀನ್ ಬಿಡಿಸುತ್ತಿದ್ದಾರೆ, ಅವೆಲ್ಲ ಒಂದರ ಹಾಗೆ ಇನ್ನೊಂದು ಕಾಣುತ್ತಿವೆ.

ನಮ್ಮ ಡ್ಯಾಶ್‌ಬೋರ್ಡ್ ಬದಲಾಯಿತು. ಅದಕ್ಕೆ ಮೂರು ಮೀಟಿಂಗ್ ಬೇಕಾಯಿತು, ಸ್ವಲ್ಪ ಜಗಳವೂ ಆಯಿತು. ಈಗ ಮೊದಲ ಸಾಲಿನಲ್ಲಿ ಎಷ್ಟು ಜನ ಅಪಾಯಿಂಟ್‌ಮೆಂಟ್ ಮಾಡಿ ಮುಗಿಸಿದರು ಎಂಬುದಿದೆ. ಅದರ ಕೆಳಗೆ, ಮುಗಿಸದವರು ಎಲ್ಲಿ ನಿಂತರು ಎಂಬ ಪಟ್ಟಿ. ಆ ತಾಯಿಯನ್ನು ಎರಡನೇ ಸಲ ಕರೆದಾಗ ಕೀಬೋರ್ಡ್ ಇದ್ದ ಸ್ಕ್ರೀನನ್ನು ಅವರು ನಿಲ್ಲದೆ ದಾಟಿದರು. ಹೊಸದಾಗಿ ಸೇರಿಸಿದ್ದ ಜನ್ಮದಿನಾಂಕದ ಸ್ಕ್ರೀನಿಗೆ ಬಂದು ನಿಂತರು. ಅಲ್ಲಿ ಒಂದು ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಈ ತಿಂಗಳು ತೋರಿಸುತ್ತದೆ. ಹಿಂದಿನ ತಿಂಗಳಿಗೆ ಹೋಗಲು ಎಡಗಡೆ ಒಂದು ಪುಟ್ಟ ಬಾಣ. ಅವರು ಒತ್ತಿದರು, ಮತ್ತೆ ಒತ್ತಿದರು, ಮತ್ತೆ ಒತ್ತಿದರು. ನಾನು ಪಕ್ಕದಲ್ಲಿ ಕೂತು ಮನಸ್ಸಲ್ಲೇ ಲೆಕ್ಕ ಹಾಕಿದೆ. 68 ವರ್ಷ, ವರ್ಷಕ್ಕೆ 12 ತಿಂಗಳು, 816 ಸಲ.

"ನಾನು ಹುಟ್ಟಿದ ವರ್ಷ ಇದರಲ್ಲಿ ಇಲ್ವೇನಪ್ಪಾ?" ಎಂದು ಕೇಳಿದರು.

ಆ ಕ್ಯಾಲೆಂಡರ್ ತೆಗೆದು ದಿನ, ತಿಂಗಳು, ವರ್ಷ ಟೈಪ್ ಮಾಡುವ ಮೂರು ಪೆಟ್ಟಿಗೆ ಇಟ್ಟಿದ್ದೇವೆ. ಅಂಕಿಗಳ ಕೀಬೋರ್ಡ್ ತಾನಾಗಿ ತೆರೆಯುತ್ತದೆ. ಬಟನ್ ಅದರ ಮೇಲೆಯೇ ಕೂರುತ್ತದೆ. ಗುರುವಾರ ಅವರು ಮತ್ತೆ ಬರುತ್ತಾರೆ.